ಪಾಂಬನ್ ಬಿಡುವ ಮುನ್ನ

2025ರ ಏಪ್ರಿಲ್ 6, ರಾಮನವಮಿಯಂದು, ರಾಮೇಶ್ವರ ದ್ವೀಪವನ್ನು ತಮಿಳುನಾಡಿನ ದಡಕ್ಕೆ ಸೇರಿಸುವ ಪಾಂಬನ್‌ನ ಹೊಸ ಸೇತುವೆಯ ಮೇಲೆ ರೈಲು ಓಡಿತು. ವೇದಿಕೆಯಲ್ಲಿ ಹೇಳಬೇಕಾದ ಹೆಸರುಗಳನ್ನೆಲ್ಲ ಹೇಳಿಯಾಯಿತು. ಅಲ್ಲಿ ಬಾರದ ಕೆಲವರ ಋಣ ನನ್ನ ಮೇಲಿದೆ. ಗಂಟುಮೂಟೆ ಕಟ್ಟಿ ಭದ್ರಾವತಿಯ ದಾರಿ ಹಿಡಿಯುವ ಮುನ್ನ ಅದನ್ನಿಷ್ಟು ಬರೆಯುತ್ತೇನೆ.

ಮೊದಲ ನಮಸ್ಕಾರ ಹಳೆಯ ಸೇತುವೆಯ ಖಲಾಸಿಗಳಿಗೆ. 1914ರಲ್ಲಿ ಶುರುವಾದ ಆ ಸೇತುವೆಯ ನಡುವೆ ಎರಡು ರೆಕ್ಕೆಗಳಿದ್ದವು. ಹಡಗು ಬಂದಾಗ ಅವನ್ನು ಎತ್ತುತ್ತಿದ್ದುದು ಇವರ ತೋಳುಗಳೇ. ಸಲಾಕೆಗೆ ಎದೆಕೊಟ್ಟು ತಳ್ಳಬೇಕು, ಆಗಷ್ಟೇ ಮಿಸುಕಾಟ. 2022ರ ಡಿಸೆಂಬರಿನಲ್ಲಿ ಅದೇ ರೆಕ್ಕೆ ತುಕ್ಕು ಹಿಡಿದು ದುರ್ಬಲವಾಗಿ, ರೈಲು ಸಂಚಾರವೇ ನಿಂತಿತು. ಆಗ ಹೊಸ ಸೇತುವೆ ಕಟ್ಟುತ್ತಿದ್ದ ನಮಗೆ ಆತುರ, ಅವರಿಗೆ ಸಂಕಟ. ಆದರೂ ಹಿರಿಯ ಖಲಾಸಿಯೊಬ್ಬರು ನನ್ನ ಕೈಹಿಡಿದು ಗರ್ಡರಿನ ಒಳಮಗ್ಗುಲಿಗೆ ಬೆರಳು ತಾಗಿಸಿದರು. ಹೊರಗೆ ಬಣ್ಣ ನುಣ್ಣಗಿತ್ತು. ಒಳಗೆ ರಿವೆಟ್ಟಿನ ಸುತ್ತ ಉಕ್ಕು ಹಪ್ಪಳದಂತೆ ಪದರಾಗಿ ಎದ್ದು ಬಂತು. "ಹೊರಗಿನ ಉಪ್ಪನ್ನು ಮಳೆ ತೊಳೆಯುತ್ತದೆ ತಂಬಿ. ಮಳೆ ತಾಗದ ಕಡೆ ನೋಡು" ಎಂದರು. ವೆಲ್ಡಿಂಗ್ ತಪಾಸಣೆಗೆಂದು ಬಂದ ನನಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲಿ ಸಿಗಲಿಲ್ಲ. ಅಂದಿನಿಂದ ಪ್ರತಿ ಬೆಸುಗೆಯನ್ನೂ ಒಳಮಗ್ಗುಲಿನಿಂದಲೇ ನೋಡತೊಡಗಿದೆ.

ಈಗ ಹೊಸ ಸೇತುವೆಯಲ್ಲಿ ಹಡಗಿಗೆ ದಾರಿ ಬಿಡಲು 72.5 ಮೀಟರ್ ಉದ್ದದ ತುಂಡು ಮೋಟಾರಿನ ಬಲದಿಂದ ನೆಟ್ಟಗೆ 17 ಮೀಟರ್ ಮೇಲೇರುತ್ತದೆ. ಪರೀಕ್ಷೆಯ ದಿನ ಆ ಹಿರಿಯರು ಕೈಕಟ್ಟಿ ನಿಂತು ನೋಡಿದರು. "ಯಾರಿಗೂ ಬೆವರೇ ಬರಲಿಲ್ಲವಲ್ಲ!" ಎಂದರು. ಮೆಚ್ಚಿದರೋ ನೊಂದರೋ, ಕೇಳುವ ಧೈರ್ಯವಾಗಲಿಲ್ಲ.

ಪಾಂಬನ್‌ನ ಮೀನುಗಾರರಿಗೂ ಕೈಮುಗಿಯುತ್ತೇನೆ. ಸುಮಾರು 660 ಟನ್ನಿನ ಆ ತುಂಡನ್ನು 2024ರಲ್ಲಿ ದಡದ ಕಡೆಯಿಂದ ನಡುನೀರಿಗೆ ಸರಿಸಲು ತಿಂಗಳುಗಳೇ ಹಿಡಿದವು. ಅಲ್ಲಿ ಸೇತುವೆ ಬಾಗಿದೆ, ನೇರವಾಗಿ ನೂಕಿಬಿಡುವಂತಿರಲಿಲ್ಲ. ದೋಣಿಗಳು ನಮಗಾಗಿ ಕಾದವು. ಬೈಗುಳವೂ ಬಿತ್ತು, ನ್ಯಾಯವಾಗಿಯೇ ಬಿತ್ತು. ಒಂದು ದಿನದ ಬಲೆ ತಪ್ಪಿದರೆ ಮನೆಯ ಒಲೆಗೆ ಏನಾಗುತ್ತದೆಂದು ಸಂಬಳದವರಿಗೆ ಹೇಗೆ ತಿಳಿಯಬೇಕು? ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆಯ ಬುಟ್ಟಿ ಏರುವ ಮೊದಲೇ "ಇಳಿಯಿರಿ" ಎಂದು ನೀರಿನಿಂದ ಕೂಗಿ ಹೇಳುತ್ತಿದ್ದವರೂ ಅವರೇ. 1964ರ ಚಂಡಮಾರುತದಲ್ಲಿ ಇಡೀ ರೈಲನ್ನೇ ನುಂಗಿದ ಕಡಲು ಇದು. ಅವರ ಮಾತನ್ನು ನಾವು ಒಮ್ಮೆಯೂ ತಳ್ಳಿಹಾಕಲಿಲ್ಲ.

ಮೀನಿನ ಊರಿನಲ್ಲಿ ನನಗಾಗಿ ದಿನವೂ ಬೇರೆ ಪಾತ್ರೆಯಲ್ಲಿ ಹುಳಿ ಕುದಿಸಿದ ಮನೆಯೊಡತಿ ಅಕ್ಕನಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಕೊನೆಗೆ ನನ್ನ ಹೆಂಡತಿಗೆ. ಮಗಳ ಎಸ್‌ಎಸ್‌ಎಲ್‌ಸಿ, ಅಮ್ಮನ ಕಣ್ಣಿನ ಆಪರೇಷನ್, ಸೋರುವ ಹಂಚು, ಎಲ್ಲವನ್ನೂ ಒಬ್ಬಳೇ ನಿಭಾಯಿಸಿ ಫೋನಿನಲ್ಲಿ "ಇಲ್ಲಿ ಎಲ್ಲ ಚೆನ್ನಾಗಿದೆ" ಎಂದಷ್ಟೇ ಹೇಳಿದಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಈ ಮಳೆಗಾಲಕ್ಕೆ ಮುಂಚೆ ಹಂಚು ನಾನೇ ಹೊದಿಸುತ್ತೇನೆ.