ಈ ಭಾನುವಾರ ತಾತ್ಯಾನಾ ಸಮೋಯ್ಲೋವಾ ಸಿನಿಮಾ

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ 5ಕ್ಕೆ ನಮ್ಮ ಮಾಮೂಲಿ ಹಾಲ್‌ನಲ್ಲಿ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ (1957) ನೋಡೋಣ. ಕಪ್ಪು-ಬಿಳುಪು ರಷ್ಯನ್ ಸಿನಿಮಾ, ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಇಂಗ್ಲಿಷ್ ಸಬ್‌ಟೈಟಲ್ ಇದೆ.

ಇದರ ನಾಯಕಿ ಸಮೋಯ್ಲೋವಾ ಹುಟ್ಟಿದ್ದು 1934ರಲ್ಲಿ, ಲೆನಿನ್‌ಗ್ರಾಡ್‌ನಲ್ಲಿ. ಅಪ್ಪ ಯೆವ್ಗೆನಿ ಕೂಡ ಹೆಸರಾಂತ ನಟ. ತಾತ್ಯಾನಾ ಮಾಸ್ಕೋದ ಶ್ಚೂಕಿನ್ ನಾಟಕ ಶಾಲೆಯಲ್ಲಿ ಕಲಿತು ರಂಗಭೂಮಿಯಲ್ಲೂ ದುಡಿದರು. ಈ ಸಿನಿಮಾ ಬಿಡುಗಡೆಯಾದಾಗ ಅವರಿಗೆ ಬರೀ 23 ವರ್ಷ. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ಅಲ್ಲಿನ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಬಂತು. ಯುದ್ಧಕ್ಕೆ ಹೊರಟ ಪ್ರಿಯಕರ ಬೋರಿಸ್‌ನನ್ನು ಜನಜಂಗುಳಿಯಲ್ಲಿ ಹುಡುಕುತ್ತಾ ಓಡುವಾಗ ಅವರ ಮುಖವನ್ನೇ ನೋಡಿ. ಅಲ್ಲಿ ಮಾತೇ ಬೇಕಿಲ್ಲ. 1967ರ ‘ಅನ್ನಾ ಕರೆನಿನಾ’ದಲ್ಲಿ ಅನ್ನಾ ಆದವರೂ ಅವರೇ. ಅದನ್ನೂ ಒಂದು ಸಲ ಹಾಕಬೇಕು ಅಂತ ನನ್ನ ಆಸೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಜೊತೆಗೆ ಎಷ್ಟು ಜನ ಅಂತಲೂ ಹಾಕಿ. ಕುರ್ಚಿ ಲೆಕ್ಕ ಹಾಕಬೇಕು. ಪ್ರೊಜೆಕ್ಟರ್ ಜೋಡಿಸಲು ಇಬ್ಬರು 4ಕ್ಕೇ ಬಂದರೆ ತುಂಬಾ ಸಹಾಯ. ಯಾರು ಬರ್ತೀರಿ? ನೋಡಿದವರು ದಯವಿಟ್ಟು ಕಥೆಯ ಕೊನೆಯನ್ನು ಗುಂಪಿನಲ್ಲಿ ಬರೆಯಬೇಡಿ. ಮೊದಲ ಸಲ ನೋಡುವವರೇ ಜಾಸ್ತಿ ಇದ್ದಾರೆ.