ಆ ರಾತ್ರಿ ಲ್ಯಾಬಿನಲ್ಲಿ ಉಳಿದ ಅಕ್ಕನಿಗೆ

ಪಿಎಚ್‌.ಡಿ. ವೈವಾ ಮುಗಿಯಿತು. ಐರನ್ ಆಕ್ಸೈಡ್ ನ್ಯಾನೋಕಣಗಳ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಮೇಲೆ ಚಿನ್ನದ ಪದರ ಕೂರಿಸುವ ಕೆಲಸ ಅಂತೂ ದಡ ಮುಟ್ಟಿತು. ಗೈಡ್ ಸರ್, ಶಂಕರಘಟ್ಟದ ಲ್ಯಾಬಿನ ಜೂನಿಯರ್‌ಗಳು, ಹಾಸ್ಟೆಲ್ ಗೆಳತಿಯರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ (ಟಿಇಎಂ) ಚಿತ್ರ ತೆಗೆದುಕೊಟ್ಟವರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ನನ್ನ ಸೀನಿಯರ್ ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಅಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಶಿವಮೊಗ್ಗದ ಆಸ್ಪತ್ರೆಯಿಂದ ಫೋನ್ ಬಂದಾಗ ಆಷಾಢದ ಮಳೆ ಹೊಯ್ಯುತ್ತಿತ್ತು. ಫ್ಲಾಸ್ಕಿಗೆ ಚಿನ್ನದ ದ್ರಾವಣ ಹಾಕಲು ಆಗಲೇ ಶುರು ಮಾಡಿದ್ದೆ. ಅಕ್ಕ ನನ್ನ ಕೈಯಿಂದ ಪಿಪೆಟ್ ತೆಗೆದುಕೊಂಡು, "ನೀನು ಹೊರಡು, ಇದನ್ನ ನಾನು ನೋಡ್ಕೋತೀನಿ" ಅಂದರು.

ಈ ಕೆಲಸ ಮಾಡಿದವರಿಗೆ ಅದೆಂಥ ಮಾತು ಅಂತ ಗೊತ್ತು. ಇದಕ್ಕೆ ಮ್ಯಾಗ್ನೆಟಿಕ್ ಸ್ಟರರ್ ಬಳಸುವ ಹಾಗಿಲ್ಲ, ಕಣಗಳೆಲ್ಲ ಅದರೊಳಗೆ ತಿರುಗುವ ಮ್ಯಾಗ್ನೆಟ್ ಬೀಡ್‌ಗೇ ಅಂಟಿಕೊಳ್ಳುತ್ತವೆ. ಮೇಲಿನಿಂದ ಮೋಟಾರು ಇಟ್ಟು ಕಲಕಬೇಕು. ಚಿನ್ನದ ದ್ರಾವಣವನ್ನು ಒಂದೇ ಸಲ ಸುರಿದರೆ ಚಿನ್ನ ತನ್ನಷ್ಟಕ್ಕೆ ಬೇರೆ ಕಣಗಳಾಗಿಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ, ಕಾದು, ಮತ್ತೆ ಹಾಕಬೇಕು. ಆ ರಾತ್ರಿ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಹೋದಾಗಲೆಲ್ಲ ಅಕ್ಕ ಮೊಬೈಲ್ ಬೆಳಕಿನಲ್ಲಿ ಗಾಜಿನ ಕಡ್ಡಿ ಹಿಡಿದು ಕೈಯಲ್ಲೇ ಕಲಕಿದ್ದಾರೆ. ಇದನ್ನು ಅವರು ಹೇಳಲಿಲ್ಲ, ವಾಚ್‌ಮನ್ ಅಣ್ಣ ಹೇಳಿದ್ದು.

ಬೆಳಿಗ್ಗೆ ಒಂದು ಫೋಟೋ ಬಂತು. ಬಾಟಲಿಯ ಪಕ್ಕ ಮ್ಯಾಗ್ನೆಟ್ ಇಟ್ಟಿದ್ದರು. ಬಣ್ಣವೆಲ್ಲ ಆ ಕಡೆಗೆ ಸರಿದು, ಉಳಿದ ನೀರು ತಿಳಿಯಾಗಿತ್ತು. ಚಿನ್ನ ಬೇರೆಯಾಗಿ ಉಳಿದಿದ್ದರೆ ನೀರು ಕೆಂಪಗೇ ಇರುತ್ತಿತ್ತು. ಅಪ್ಪನಿಗೆ ತೋರಿಸಿದೆ. ಭದ್ರಾವತಿ ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆಗೇ ಬದುಕಿದವರು ಅವರು. ಮಾಸ್ಕ್ ಸರಿಸಿ, "ಕಬ್ಬಿಣದ ಮೇಲೆ ಚಿನ್ನ ಕೂತ್ಕೊಂಡಿತಾ?" ಅಂತ ಕೇಳಿದರು. ಕೂತಿತಪ್ಪ ಅಂದೆ. ನಾವಿಬ್ಬರೂ ಸರಿಯಾಗಿ ಮಾತಾಡಿದ್ದು ಅದೇ ಕೊನೆ.

ಅಪ್ಪ ಇರಬೇಕಿತ್ತು. ವೈವಾ ದಿನ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿದ್ದರೂ ಸಾಕಿತ್ತು.

ಪ್ರಬಂಧದ ಮುಖ್ಯ ಅಧ್ಯಾಯ ನಿಂತಿರುವುದು ಅಕ್ಕ ಮುಗಿಸಿಕೊಟ್ಟ ಆ ಸ್ಯಾಂಪಲ್ ಮೇಲೆಯೇ. ಎಕ್ಸ್-ರೇ ಹಾಯಿಸಿ ನೋಡುವ ಎಕ್ಸ್‌ಆರ್‌ಡಿ ಪರೀಕ್ಷೆಯಲ್ಲಿ ಚಿನ್ನದ ಪೀಕ್‌ಗಳು ಸ್ಪಷ್ಟವಾಗಿ ಬಂದವು. ಚಿನ್ನದ ತೂಕ ಸೇರಿದ್ದರಿಂದ ಪ್ರತಿ ಗ್ರಾಂಗೆ ಕಾಂತತ್ವ ಕಡಿಮೆಯಾಯಿತು, ಅದು ಆಗಲೇಬೇಕು. ಆದರೂ ಮ್ಯಾಗ್ನೆಟ್ ಇಟ್ಟರೆ ಸರಿದು ಬರುವ ಗುಣ ಹೋಗಲಿಲ್ಲ.

ಅಕ್ಕ, ನಿಮಗೊಂದು ಪ್ರತಿ ತೆಗೆದಿಟ್ಟಿದ್ದೇನೆ. ಅದನ್ನು ಕೊರಿಯರ್ ಮಾಡಲ್ಲ, ನೀವೇ ಮನೆಗೆ ಬರಬೇಕು. ಹಿತ್ತಲಲ್ಲಿ ಕೆಸ ಚೆನ್ನಾಗಿ ಬಂದಿದೆ. ಪತ್ರೊಡೆ ಮಾಡ್ತೀನಿ ಅಂತ ಅಮ್ಮ ಕಾಯ್ತಿದ್ದಾರೆ.