ಹಸುವಿಗೂ ಪ್ರಾರ್ಥನೆಗೂ ಗಂಟು ಹಾಕಬೇಡ, ಮಗಳೇ

ಪ್ರೀತಿಯ ಮಗಳೇ,

ಇನ್ನೆರಡು ವರ್ಷ ಅಲ್ಬೇನಿಯಾದಲ್ಲೇ ಇರುತ್ತೇನೆ ಅಂದೆ. ನನ್ನ ದನಿ ಏರಿತು, ನೀನು ಫೋನಿಟ್ಟೆ. ಬೇಜಾರು ಮಾಡಿಕೊಳ್ಳಬೇಡ, ಇರು. ಕೊರ್ಚಾ ಬಯಲಿನ ಆ ಚಳಿಯಲ್ಲಿ ನನ್ನ ಮಗಳು ನಡುರಾತ್ರಿ ಎದ್ದು ಹೋಗಿ ಕರು ಹಾಕಿಸುತ್ತಾಳೆ ಅಂತ ಇಲ್ಲಿ ಚರ್ಚಿನಲ್ಲಿ ಎಲ್ಲರಿಗೂ ಹೇಳುವವನು ನಾನೇ.

ನನ್ನ ತಲೆ ಕೊರೆಯುತ್ತಿರುವುದು ಬೇರೆ. ಚರ್ಚಿನ ಫಾರ್ಮಿನಿಂದ ಹಸು ಕೊಡುತ್ತೇವೆ ಅಂದಾಗ ಆ ಅಜ್ಜಿ, "ಪ್ರಾರ್ಥನೆಗೆ ಯಾವ ದಿನ ಬರಬೇಕು?" ಅಂತ ಕೇಳಿದಳಂತೆ. ನೀನು ಅದನ್ನು ನನಗೆ ಸುಮ್ನೆ ಹೇಳಿ ಬೇರೆ ಮಾತಿಗೆ ಹೋದೆ. ನನಗೆ ನಿದ್ದೆ ಬರುತ್ತಿಲ್ಲ.

ಅವಳದು ಮುಸ್ಲಿಂ ಮನೆತನ ಅಂದಿದ್ದೆ. 1967ರಲ್ಲಿ ಎನ್ವರ್ ಹೋಜಾನ ಕಮ್ಯುನಿಸ್ಟ್ ಸರ್ಕಾರ ಮಸೀದಿ, ಚರ್ಚು ಎಲ್ಲಕ್ಕೂ ಬೀಗ ಜಡಿದಾಗ ಅವಳಿನ್ನೂ ಸಣ್ಣ ಹುಡುಗಿ. ದೇವರಿಲ್ಲ ಅನ್ನಬೇಕು, ಸಹಕಾರಿ ಹೊಲದಲ್ಲಿ ದುಡಿಯಬೇಕು. 1991ರ ಕಾಯ್ದೆಯಲ್ಲಿ ಆ ಹೊಲ ಹಂಚಿದರು. ಮನೆಗೆ ಮೂರು ಎಕರೆ ಆಸುಪಾಸು, ಅದೂ ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಕಾಲುವೆಗಳು ಹಾಳು. ಮಕ್ಕಳು ಗ್ರೀಸಿಗೆ ಹೋದರು. ಅವರು ಕಳಿಸಿದ ದುಡ್ಡು 1997ರಲ್ಲಿ ಮೋಸದ ಸ್ಕೀಮುಗಳಲ್ಲಿ ಮುಳುಗಿತು. ಇಷ್ಟೆಲ್ಲ ಕಂಡವಳು ಹಸು ಬಿಟ್ಟಿಯಾಗಿ ಸಿಗುತ್ತದೆ ಅಂತ ಹೇಗೆ ನಂಬಿಯಾಳು? ಬೆಲೆ ಎಷ್ಟು ಅಂತ ಕೇಳಿದಳು, ಅಷ್ಟೇ.

ನಮ್ಮ ಮನೆಯಲ್ಲೇ ಇದನ್ನು ಅನುಭವಿಸಿದ್ದೇವೆ, ಅಲ್ವಾ? ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು ನನ್ನ ಮುತ್ತಜ್ಜ. ಕ್ರೈಸ್ತರಾದವರಿಗೆ ಮನೆ, ಕಸುಬು ಎರಡೂ ತಪ್ಪುತ್ತಿತ್ತು. ಅವರ ಹೊಟ್ಟೆಪಾಡಿಗೆ ಅಂತಲೇ ಮಿಶನ್ ಮಗ್ಗ, ಹೆಂಚಿನ ಕೆಲಸ ತೆರೆದದ್ದು. ಒಳ್ಳೆಯ ಕೆಲಸವೇ. ಆದರೆ ಸಾಯುವ ತನಕ ಬೈಬಲ್ ಓದಿದ ಮುತ್ತಜ್ಜನನ್ನು ಊರವರು "ಹೆಂಚಿಗಾಗಿ ಹೋದವನು" ಅಂದರು. ಅದೇ ಮಾತು ಶಾಲೆಯಲ್ಲಿ ನನ್ನ ಕಿವಿಗೂ ಬಿತ್ತು. ತಮ್ಮ ನಂಬಿಕೆ ನಿಜ ಅಂತ ತೋರಿಸಲು ಮುತ್ತಜ್ಜನಿಗೆ ದಾರಿಯೇ ಇರಲಿಲ್ಲ, ಮಗಳೇ. ಆ ಅಜ್ಜಿ ನಾಳೆ ಮನಸಾರೆ ಯೇಸುವನ್ನು ನಂಬಿದರೂ ಅವಳ ಊರು ಹಸುವನ್ನೇ ತೋರಿಸುತ್ತದೆ.

ಯೇಸುಸ್ವಾಮಿ ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದರು. ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಗೆ ರೋಗ ಮರಳಿತು ಅಂತ ಎಲ್ಲೂ ಬರೆದಿಲ್ಲ. ಹಸು ಮೊದಲು ಕೊಡಿ, ಕಾಗದ ಅವಳ ಹೆಸರಿಗೆ ಮಾಡಿ. ಪ್ರಾರ್ಥನೆಯ ಮಾತನ್ನು ಅವಳೇ ಎತ್ತಲಿ. ಪಾಸ್ಟರ್ ಒಪ್ಪದಿದ್ದರೆ ಪಟ್ಟು ಹಿಡಿ. ಹಟ ನಿನಗೆ ಹೊಸದಲ್ಲ, ನನಗೆ ಅದರ ಮೇಲೆ ಹೆಮ್ಮೆಯೂ ಇದೆ.

ನೀನು ದನದ ಡಾಕ್ಟರು, ಆದರೂ ಹೇಳುತ್ತೇನೆ. ಹಸುಗಳಿಗೆ ಗರ್ಭ ಇಳಿದುಹೋಗುವ ಕಂದು ಹಾಕುವ ರೋಗ (ಬ್ರುಸೆಲ್ಲೋಸಿಸ್) ಅಲ್ಲಿ ಇನ್ನೂ ಇದೆ, ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಮಾಸು ಮುಟ್ಟಬೇಡ. ಯಾರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಹಸಿ ಹಾಲಿನ ಚೀಸ್ ತಿನ್ನಬೇಡ.

ಮೊದಲ ಹೆಣ್ಣು ಕರುವನ್ನು ಪಕ್ಕದ ಮನೆಗೆ ಕೊಡುವುದು ನಿಮ್ಮಲ್ಲಿ ಪದ್ಧತಿ ಅಂದಿದ್ದೆಯಲ್ಲ. ಚರ್ಚಿನ ಕಡೆ ತಲೆಯೇ ಹಾಕದ ಮನೆಗೂ ಕೊಡುತ್ತೀರಾ? ಅದಕ್ಕೆ ಮಾತ್ರ ತಪ್ಪದೆ ಉತ್ತರ ಬರಿ.

ನಿನ್ನ ಅಪ್ಪ